ದಿನ ತುಂಬದೆ ಹುಟ್ಟಿದ ಕೂಸು: ತಪ್ಪು ಕಲ್ಪನೆ ಮತ್ತು ವಾಸ್ತವ

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ಕಡೆ ಆಸ್ಪತ್ರೆಗಳಿಗೆ ಬರವಿಲ್ಲ. ಒಂದೊಂದು ಮುಖ್ಯರಸ್ತೆಯಲ್ಲೂ ಹೆರಿಗೆ ಆಸ್ಪತ್ರೆಯ ಬೋರ್ಡು ಕಾಣುತ್ತದೆ. ಆದರೆ ದಿನ ತುಂಬುವ ಮುಂಚೆ, ಅವಸರದಲ್ಲಿ ಹೆರಿಗೆ ಮಾಡಿಸಬೇಕಾಗಿ ಬಂದಾಗ ಮನೆಯವರಿಗೆ ಯೋಚಿಸಲು ಪುರುಸೊತ್ತೇ ಇರುವುದಿಲ್ಲ. ಆಗ ನೆನಪಿಗೆ ಬರುವುದು ಯಾವತ್ತೋ ಯಾರೋ ಹೇಳಿದ ಮಾತು. ಅದು ತಪ್ಪಾಗಿದ್ದರೆ ಅದರ ಬೆಲೆ ತೆರುವುದು ತಾಯಿ ಮತ್ತು ಕೂಸು.

ನನ್ನ ತಂಗಿಗೆ 33ನೇ ವಾರದಲ್ಲಿ ಹೀಗಾಯಿತು. ಮಗು ಹುಟ್ಟಿದಾಗ ತೂಕ 1 ಕೆ.ಜಿ. 600 ಗ್ರಾಂ. ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ನಾವು ಕೇಳಿದ ಮಾತುಗಳು ಹತ್ತು ಹಲವು. ಅವುಗಳಲ್ಲಿ ಮುಖ್ಯವಾದವನ್ನು, ವೈದ್ಯರು ಮತ್ತು ನರ್ಸುಗಳು ಬಿಡಿಸಿ ಹೇಳಿದ್ದನ್ನು, ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

“ಏಳು ತಿಂಗಳಿನ ಕೂಸು ಉಳಿಯುತ್ತೆ, ಎಂಟು ತಿಂಗಳಿನದು ಉಳಿಯೋಲ್ಲ”

ನಮ್ಮ ಕಡೆಯ ಮನೆಗಳಲ್ಲಿ ಈ ಮಾತು ಕೇಳದವರು ಕಡಿಮೆ. “ಎಂಟರಲ್ಲಿ ಬಿದ್ದಿತ್ತು” ಎಂದಾಕ್ಷಣ ಫೋನಿನ ಆಚೆ ಕಡೆ ಹಿರಿಯರೊಬ್ಬರು ಮಾತು ನಿಲ್ಲಿಸಿಬಿಟ್ಟರು. ಅಷ್ಟಕ್ಕೇ ನಮ್ಮಮ್ಮನ ಕೈಕಾಲು ತಣ್ಣಗಾಯಿತು. ಈ ನಂಬಿಕೆ ನಮ್ಮಲ್ಲಿ ಮಾತ್ರ ಇರುವುದೂ ಅಲ್ಲ. ಹಿಪ್ಪೊಕ್ರೆಟಿಸ್ ಹೆಸರಿನಲ್ಲಿ ಉಳಿದುಬಂದ ಗ್ರೀಕ್ ವೈದ್ಯಗ್ರಂಥಗಳಲ್ಲಿ ಎಂಟು ತಿಂಗಳ ಶಿಶುವಿನ ಬಗ್ಗೆಯೇ ಒಂದು ಕೃತಿಯಿದೆ, ಅದೂ ಇದನ್ನೇ ಹೇಳುತ್ತದೆ. ಎರಡು ಸಾವಿರ ವರ್ಷ ಹಳೆಯದಾದರೂ ತಪ್ಪು ತಪ್ಪೇ.

ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭ. ಎಂಟು ತಿಂಗಳಿಗೆ ಹುಟ್ಟಿದ ಮಗು ಏಳಕ್ಕೆ ಹುಟ್ಟಿದ ಮಗುವಿಗಿಂತ ಗಟ್ಟಿಯಾಗಿರುತ್ತದೆ, ಉಳಿಯುವ ಸಾಧ್ಯತೆಯೂ ಹೆಚ್ಚು. 37 ವಾರಕ್ಕಿಂತ ಮುಂಚೆ ಹುಟ್ಟಿದರೆ ದಿನ ತುಂಬದ ಮಗು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನಲ್ಲಿ 1.34 ಕೋಟಿ ಮಕ್ಕಳು ಹೀಗೆ ಹುಟ್ಟಿದವು, ಅಂದರೆ ಹತ್ತಕ್ಕೆ ಒಂದು. ಇಂಥ ಮಕ್ಕಳಿಗೆ ದೊಡ್ಡ ತೊಡಕು ಶ್ವಾಸಕೋಶದ್ದು. ಉಸಿರು ಬಿಟ್ಟಾಗ ಒಳಗಿನ ಗಾಳಿಚೀಲಗಳು ಅಂಟಿಕೊಳ್ಳದಂತೆ ಕಾಯುವ ಸರ್ಫ್ಯಾಕ್ಟೆಂಟ್ ಎಂಬ ಪದಾರ್ಥ ಸಾಕಷ್ಟು ತಯಾರಾಗುವುದು 34–35ನೇ ವಾರದ ಹೊತ್ತಿಗೆ. ಅದಕ್ಕೇ ಬೇಗ ಹೆರಿಗೆಯಾಗುವ ಸೂಚನೆ ಕಂಡರೆ ತಾಯಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ 1972ರಲ್ಲಿ ಇದರ ಫಲ ತೋರಿಸಿಕೊಟ್ಟರು. ಅದು ಮಗುವಿನ ಶ್ವಾಸಕೋಶ ಬೇಗ ಬಲಿಯಲೆಂದು ಕೊಡುವ ಔಷಧಿ. ಸ್ಟೆರಾಯ್ಡ್ ಎಂಬ ಹೆಸರು ಕೇಳಿ ಬೇಡವೆನ್ನಬಾರದು.

“ಕಾಲು ಊದೋದು, ತಲೆನೋವು ಎಲ್ಲ ಬಸುರಿಯರಿಗೆ ಇದ್ದದ್ದೇ”

ಕಾಲು ಸ್ವಲ್ಪ ಊದುವುದು ಎಷ್ಟೋ ಜನಕ್ಕೆ ಆಗುತ್ತದೆ, ನಿಜ. ಆದರೆ ಐದು ತಿಂಗಳು ದಾಟಿದ ಮೇಲೆ ಬಿಪಿ 140/90 ಮುಟ್ಟಿದರೆ, ಮಾತ್ರೆಗೂ ಬಗ್ಗದ ತಲೆನೋವು ಬಂದರೆ, ಕಣ್ಣು ಮಂಜಾದರೆ, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಹತ್ತಿದರೆ, ಮುಖ ಮತ್ತು ಕೈ ಇದ್ದಕ್ಕಿದ್ದಂತೆ ಊದಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಪ್ರಿ-ಎಕ್ಲಾಂಪ್ಸಿಯಾ ಎನ್ನುವುದು ಇದಕ್ಕೇ. ತಂಗಿ ಆ ಸಂಜೆ ಹೇಳಿದ್ದು ಇಷ್ಟೇ: “ಟಿವಿಲಿ ಬರೋ ಅಕ್ಷರ ಎರಡೆರಡು ಕಾಣ್ತಿದೆ.” ತಂಗಿ ಗಂಡ ಅವಳನ್ನು ಕೂಡಲೇ ಆಟೊ ಹತ್ತಿಸಿದ್ದರಿಂದ ಫಿಟ್ಸ್ ಬರುವ ಮುಂಚೆ ಆಸ್ಪತ್ರೆ ಸೇರಿದಳು.

ಮೆಗ್ನೀಸಿಯಂ ಸಲ್ಫೇಟ್ ಫಿಟ್ಸ್ ತಡೆಯುತ್ತದೆ, ಬಿಪಿ ಔಷಧಿ ಸ್ವಲ್ಪ ಸಮಯ ಕೊಡುತ್ತದೆ. ಕಾಯಿಲೆ ಇಳಿಯಬೇಕಾದರೆ ಮಗು, ಮಾಸು ಎರಡೂ ಹೊರಬರಬೇಕು. ಹೆರಿಗೆಯಾದ ಮೇಲೂ ಕೆಲವು ದಿನ ಬಿಪಿ ಏರಬಹುದು. ಎಲ್ಲರೂ ಮಗುವಿನ ಸುತ್ತ ಓಡಾಡುತ್ತಿರುವಾಗ ಬಾಣಂತಿಯ ಬಿಪಿ ನೋಡಲು ಮರೆಯಬಾರದು.

“ಸಿಸೇರಿಯನ್ ಅಂದ್ರೆ ದುಡ್ಡಿನ ಆಟ”

ಈ ಅನುಮಾನಕ್ಕೆ ಆಧಾರವಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆ ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಮೊದಲೇ ದಿನ ಗೊತ್ತುಮಾಡಿ ಆಪರೇಷನ್ ಎಂದಾಗ ಕಾರಣ ಕೇಳಲೇಬೇಕು, ಬೇರೆ ವೈದ್ಯರ ಅಭಿಪ್ರಾಯವನ್ನೂ ಪಡೆಯಬೇಕು. ಆದರೆ ರಾತ್ರಿ ಹನ್ನೊಂದಕ್ಕೆ ಮಗುವಿನ ಎದೆಬಡಿತ ಬೀಳುತ್ತಿದೆ, ಮಾಸು ಬಿಟ್ಟುಕೊಂಡು ರಕ್ತ ಹೋಗುತ್ತಿದೆ ಎಂದಾಗ ಈ ಅನುಮಾನವೇ ಅಪಾಯಕ್ಕೆ ದಾರಿ. ಅಂಥ ಹೊತ್ತಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: “ಕಾದರೆ ಏನಾಗುತ್ತೆ ಡಾಕ್ಟ್ರೇ?” ಉತ್ತರ ಎರಡು ವಾಕ್ಯದಲ್ಲಿ ಸಿಗುತ್ತದೆ.

ಒಪ್ಪಿಗೆಯ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಗಂಡ ಬರಲಿ, ಮಾವನವರನ್ನು ಕೇಳೋಣ ಎಂದು ಕಾಯುವುದು ನಮ್ಮಲ್ಲಿ ರೂಢಿ. ಪ್ರಜ್ಞೆಯಿರುವ, ವಯಸ್ಕಳಾದ ಹೆಣ್ಣುಮಗಳ ಸಹಿಯೊಂದೇ ಸಾಕು. ದೇಹ ಅವಳದು.

“ಮಾಲೆ ಹಾಕ್ಕೊಂಡು ಹುಟ್ಟಿದೆ, ಸೋದರಮಾವನಿಗೆ ಆಗಲ್ಲ”

ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಳ್ಳುವುದು ನಾಲ್ಕೈದು ಹೆರಿಗೆಗೆ ಒಂದರಲ್ಲಿ ಕಾಣುವ ಸಂಗತಿ. ಬಹುಪಾಲು ಮಕ್ಕಳಿಗೆ ಅದರಿಂದ ಏನೂ ಆಗುವುದಿಲ್ಲ. ಹೊಟ್ಟೆಯೊಳಗಿನ ಮಗು ಉಸಿರಾಡುವುದು ಮೂಗಿನಿಂದಲ್ಲವಾದ್ದರಿಂದ ಕುತ್ತಿಗೆ ಬಿಗಿದು ಉಸಿರುಗಟ್ಟಿತು ಎನ್ನುವುದೂ ಸರಿಯಲ್ಲ. ಬಳ್ಳಿ ಒತ್ತಿಹೋಗಿ ರಕ್ತದ ಹರಿವು ಕಡಿಮೆಯಾಗುತ್ತಿದೆಯೇ ಎಂದು ಎದೆಬಡಿತ ನೋಡಿ ತಿಳಿಯುತ್ತಾರೆ. ಸೋದರಮಾವ ಎಣ್ಣೆ ಬಟ್ಟಲಿನಲ್ಲಿ ಮಗುವಿನ ಮುಖದ ನೆರಳು ನೋಡುವ ಶಾಸ್ತ್ರ ಬೇಕಿದ್ದರೆ ನಾಮಕರಣದ ದಿನ ಮಾಡಿಕೊಳ್ಳಬಹುದು. ರಕ್ತ, ಔಷಧಿ ಅಂತ ಓಡಾಡಬೇಕಾದ ಮಾವನನ್ನು ಮನೆಯಲ್ಲಿ ಕೂರಿಸಬಾರದು.

“ಹತ್ತಿರದ ಆಸ್ಪತ್ರೆ ಸಾಕು, ಬೇಕಾದ್ರೆ ಮಗುನ ಆಮೇಲೆ ಸಾಗಿಸೋಣ”

ರಕ್ತ ಸುರಿಯುತ್ತಿದ್ದರೆ, ಫಿಟ್ಸ್ ಬಂದಿದ್ದರೆ, ಹೊಕ್ಕುಳಬಳ್ಳಿ ಮುಂಚೆ ಹೊರಬಂದಿದ್ದರೆ ಹತ್ತಿರದ್ದೇ ಸರಿ. ಉಳಿದಂತೆ, ಮಗು ಬೇಗ ಹುಟ್ಟುವುದು ಖಚಿತ ಎಂದು ಕೆಲವು ಗಂಟೆ ಮುಂಚೆಯಾದರೂ ತಿಳಿದರೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ನವಜಾತ ಶಿಶು ಐಸಿಯು ಇರುವ ಕಡೆ ಸೇರಿಸುವುದು ಮಗುವಿಗೆ ಕ್ಷೇಮ. ಒಂದೂವರೆ ಕೆ.ಜಿ. ಕೂಸನ್ನು ಹುಟ್ಟಿದ ಗಂಟೆಯೊಳಗೆ ಆಂಬುಲೆನ್ಸಿನಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿಸುವುದು ಎಂದರೆ ಮೈ ತಣ್ಣಗಾಗುವ, ಸಕ್ಕರೆ ಇಳಿಯುವ, ಉಸಿರಿನ ಟ್ಯೂಬ್ ಕದಲುವ ಅಪಾಯಗಳನ್ನು ಒಟ್ಟಿಗೆ ಹೊತ್ತು ಸಾಗುವುದು.

ಯಾವುದು ಎಲ್ಲಿದೆ ಎಂಬುದು ಮೊದಲೇ ಗೊತ್ತಿರಬೇಕು. ನಿಮ್ಹಾನ್ಸ್ ಪಕ್ಕದ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮಕ್ಕಳ ಆಸ್ಪತ್ರೆ. ಹುಟ್ಟಿದ ಮೇಲೆ ಕಾಯಿಲೆಯಾದ ಕೂಸುಗಳು ಅಲ್ಲಿಗೆ ಬರುತ್ತವೆ, ಹೆರಿಗೆಗೆ ಹೋಗುವ ಜಾಗ ಅದಲ್ಲ. ಕೆ.ಆರ್. ಮಾರುಕಟ್ಟೆ ಹತ್ತಿರ ವಿಕ್ಟೋರಿಯಾದ ಪಕ್ಕದಲ್ಲಿ 1935ರಿಂದ ಇರುವ ವಾಣಿ ವಿಲಾಸದಲ್ಲಿ ಹೆರಿಗೆ ಮತ್ತು ಶಿಶು ಚಿಕಿತ್ಸೆ ಎರಡೂ ಒಂದೇ ಕಡೆ. ಬಿಟಿಎಂ ಕಡೆಯವರಿಗೆ ಕೋರಮಂಗಲದ ಸೇಂಟ್ ಜಾನ್ಸ್ ಹತ್ತಿರ. ನೀವು ತೋರಿಸುತ್ತಿರುವ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಇದೆಯೇ, ರಾತ್ರಿ ಶಿಶುವೈದ್ಯರು ಅಲ್ಲೇ ಇರುತ್ತಾರೋ ಫೋನ್ ಮಾಡಿ ಕರೆಸುತ್ತಾರೋ, ಎಷ್ಟು ವಾರದ ಮಗುವನ್ನು ನೋಡಿಕೊಳ್ಳುತ್ತಾರೆ ಎಂದು ಏಳನೇ ತಿಂಗಳಲ್ಲೇ ಕೇಳಿಟ್ಟುಕೊಳ್ಳಿ. 108 ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ಓಡುತ್ತಿದೆ, ಹಣ ಕೊಡಬೇಕಿಲ್ಲ.

“ದುಡ್ಡು, ಕಾರ್ಡು ಇಲ್ದೆ ಒಳಗೇ ಬಿಡಲ್ಲ”

ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಪ್ರಕಾರ ತುರ್ತು ಸಂದರ್ಭದಲ್ಲಿ ಮುಂಗಡ ಕಟ್ಟಿದರೆ ಮಾತ್ರ ಚಿಕಿತ್ಸೆ ಎನ್ನುವಂತಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಸೇರಿಯನ್ ಸೇರಿ ಹೆರಿಗೆ ಉಚಿತ, ಕಾಯಿಲೆಯಾದ ಶಿಶುವಿನ ಚಿಕಿತ್ಸೆಯೂ ಉಚಿತ. ಕಾನೂನು ಹೀಗಿದ್ದರೂ ನಡೆಯಬಾರದ್ದು ನಡೆದಿದೆ. 2022ರ ನವೆಂಬರ್‌ನಲ್ಲಿ ತುಮಕೂರು ಜಿಲ್ಲಾಸ್ಪತ್ರೆಗೆ ನೋವು ತಿನ್ನುತ್ತಾ ಬಂದ ಬಡ ಗರ್ಭಿಣಿಯನ್ನು, ಗರ್ಭಿಣಿಯರ ನೋಂದಣಿಯ ತಾಯಿ ಕಾರ್ಡ್ ಇಲ್ಲವೆಂದು ದಾಖಲಿಸಿಕೊಳ್ಳದೆ ಕಳಿಸಿದರು. ಮನೆಗೆ ಮರಳಿದ ಆಕೆ ಮತ್ತು ಅವಳಿ ಕೂಸುಗಳು ತೀರಿಕೊಂಡರು. ಕಾಗದವಿಲ್ಲವೆಂದು ತುರ್ತು ಚಿಕಿತ್ಸೆ ತಪ್ಪಿಸುವುದು ಎಂಥ ಅನ್ಯಾಯ ಎಂದು ಆವತ್ತು ಇಡೀ ರಾಜ್ಯ ಮರುಗಿತು. ತಾಯಿ ಕಾರ್ಡ್ ಇಲ್ಲದಿದ್ದರೂ ಚಿಕಿತ್ಸೆ ಕೇಳುವ ಹಕ್ಕು ನಿಮ್ಮದು. ಜಗಳವಾದರೂ ಸರಿ, ವಾಪಸು ಹೋಗಬೇಡಿ.

ಇನ್ಶೂರೆನ್ಸ್ ಇದ್ದವರಿಗೆ ಒಂದು ಮಾತು. ತಾಯಿಯ ಪಾಲಿಸಿಯಲ್ಲಿ ಮಗುವಿನ ಐಸಿಯು ಬಿಲ್ಲೂ ಸೇರಿದೆ ಎಂದುಕೊಳ್ಳಬೇಡಿ. ಆಸ್ಪತ್ರೆ ಮಗುವಿಗೆ ಬೇರೆ ಫೈಲು ಮಾಡುತ್ತದೆ. ಹೆರಿಗೆಯ ಕವರ್ ಇಲ್ಲದ ಎಷ್ಟೋ ಪಾಲಿಸಿಗಳಲ್ಲಿ ಮಗು ಸೇರುವುದು ಮೂರು ತಿಂಗಳಾದ ಮೇಲೆ. ಕಂಪನಿಯ ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಮೊದಲ ದಿನದಿಂದಲೇ ಇರುತ್ತದೆ, ಆದರೆ ಹೆಸರು ಸೇರಿಸಲು ಗಡುವು ಇರುತ್ತದೆ.

“ಹುಟ್ಟಿದ ತಕ್ಷಣ ಅಳಲಿಲ್ಲ, ಬುದ್ಧಿ ಬೆಳೆಯಲ್ಲ”

ನೂರು ಮಕ್ಕಳಲ್ಲಿ ಸುಮಾರು ಹತ್ತಕ್ಕೆ ಉಸಿರು ಶುರುಮಾಡಲು ಸ್ವಲ್ಪ ಸಹಾಯ ಬೇಕು. ಒರೆಸಿ, ಬೆಚ್ಚಗಿಟ್ಟು, ಬೆನ್ನು ಉಜ್ಜಿ, ಅಗತ್ಯವಿದ್ದರೆ ಮೊದಲ ನಿಮಿಷದೊಳಗೆ ಬ್ಯಾಗ್–ಮಾಸ್ಕಿನಿಂದ ಗಾಳಿ ಕೊಟ್ಟರೆ ಅವುಗಳಲ್ಲಿ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ತಲೆಕೆಳಗೆ ಹಿಡಿದು ಬಡಿಯುವ ಕಾಲ ಹೋಯಿತು. ಅಳು ತಡವಾದ ಮಗುವಿಗೆಲ್ಲ ಬುದ್ಧಿಮಾಂದ್ಯ ಎನ್ನುವುದು ಸುಳ್ಳು.

ನಿಜವಾಗಿಯೂ ಆಮ್ಲಜನಕ ಕಡಿಮೆಯಾಗಿ ಮಿದುಳಿಗೆ ಪೆಟ್ಟಾದ, ದಿನ ತುಂಬಿದ ಮಕ್ಕಳನ್ನು 72 ಗಂಟೆ ತಂಪಾಗಿಡುವ ಚಿಕಿತ್ಸೆಯೊಂದಿದೆ. ಅದಕ್ಕಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಮಗುವನ್ನು ಹೊತ್ತು ಅಲೆಯುವ ತಂದೆತಾಯಿಯರಿದ್ದಾರೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶದ 408 ಮಕ್ಕಳನ್ನು ಒಳಗೊಂಡ ಹೆಲಿಕ್ಸ್ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ನಮ್ಮ ಇಂದಿರಾ ಗಾಂಧಿ ಸಂಸ್ಥೆಯೂ ಅದರಲ್ಲಿ ಭಾಗಿ. ತಂಪಾಗಿಟ್ಟ ಗುಂಪಿನಲ್ಲೇ ಸಾವು ಹೆಚ್ಚಾಗಿ ಕಂಡಿತು. ಹೀಗಾಗಿ ತಂಪಾಗಿಡುವ ಯಂತ್ರ ಇಲ್ಲದ ಆಸ್ಪತ್ರೆ ಕೀಳು ಎಂದು ತೀರ್ಮಾನಿಸುವ ಮುಂಚೆ ವೈದ್ಯರ ಮಾತು ಕೇಳಬೇಕು.

“ಮಗು ಪೆಟ್ಟಿಗೇಲಿದೆ, ಇನ್ನು ನಮ್ಮ ಕೈಲೇನೂ ಇಲ್ಲ”

ಈ ಬರಹಕ್ಕೆ ಕೂತದ್ದೇ ಈ ಮಾತಿಗಾಗಿ. ಐಸಿಯು ಬಾಗಿಲು ಮುಚ್ಚಿದೊಡನೆ ಮನೆಯವರು ತಮ್ಮ ಪಾತ್ರ ಮುಗಿಯಿತು ಎಂದುಕೊಳ್ಳುತ್ತಾರೆ. ಕೆಲವು ಆಸ್ಪತ್ರೆಗಳು ಹಾಗೇ ನಡೆದುಕೊಳ್ಳುತ್ತವೆ ಕೂಡ: ದಿನಕ್ಕೆ ಎರಡು ಸಲ ಗಾಜಿನಾಚೆಯಿಂದ ನೋಡಿ, ಬಿಲ್ಲು ಕಟ್ಟಿ, ಹೋಗಿ. ಅದು ತಪ್ಪು.

1978ರಲ್ಲಿ ಕೊಲಂಬಿಯಾದ ಬೊಗೊಟಾ ನಗರದ ಹೆರಿಗೆ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರ್ ಸಾಲದೆ ಒಂದರಲ್ಲಿ ಎರಡು ಮೂರು ಕೂಸುಗಳನ್ನು ಮಲಗಿಸಬೇಕಾಗಿತ್ತು. ಸೋಂಕು ಹರಡುತ್ತಿತ್ತು. ಎಡ್ಗರ್ ರೇ ಎಂಬ ವೈದ್ಯರು ಮಗುವನ್ನು ತಾಯಿಯ ಬರಿ ಎದೆಗೆ ಕಟ್ಟಿ ಬೆಚ್ಚಗಿಡುವ ಕ್ರಮ ಶುರುಮಾಡಿದರು. ಕಾಂಗರೂ ಆರೈಕೆ ಬಂದದ್ದು ಹೀಗೆ. ಬಹಳ ಕಾಲ ಇದನ್ನು ಬಡವರ ಇನ್‌ಕ್ಯುಬೇಟರ್ ಎಂದೇ ತಿಳಿದಿದ್ದರು. 2021ರಲ್ಲಿ ಪ್ರಕಟವಾದ ಅಧ್ಯಯನ ಆ ಮಾತನ್ನು ಬದಿಗೆ ಸರಿಸಿತು. ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ, 1 ಕೆ.ಜಿ.ಯಿಂದ 1.8 ಕೆ.ಜಿ.ವರೆಗಿನ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳಲ್ಲಿ, ಹುಟ್ಟಿದ ಕೂಡಲೇ ಎದೆಗಪ್ಪಿಕೊಂಡರೆ ಏನಾಗುತ್ತದೆ ಎಂದು ನೋಡಿದರು. ಸ್ಥಿರವಾಗುವ ತನಕ ಪೆಟ್ಟಿಗೆಯಲ್ಲಿಟ್ಟು ಆಮೇಲೆ ಕೊಟ್ಟ ಗುಂಪಿನಲ್ಲಿ 28 ದಿನದೊಳಗೆ ನೂರಕ್ಕೆ 15.7 ಮಕ್ಕಳು ತೀರಿಕೊಂಡರೆ, ಮೊದಲಿನಿಂದಲೇ ಎದೆಯ ಮೇಲಿದ್ದ ಗುಂಪಿನಲ್ಲಿ 12. ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮುಂಚೆ ನಿಲ್ಲಿಸಿ ಎಲ್ಲರಿಗೂ ಇದನ್ನೇ ಕೊಡುವಂತಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಸಲಹೆಯನ್ನೇ ಬದಲಿಸಿತು. ನಮ್ಮಲ್ಲೇ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಕೊಪ್ಪಳ ಜಿಲ್ಲೆಯಲ್ಲಿ ಆಸ್ಪತ್ರೆಯಿಂದ ಮನೆಯ ತನಕ ಈ ಕ್ರಮವನ್ನು ಒಯ್ದಿದ್ದಾರೆ.

ತಂಗಿ ಆಪರೇಷನ್ ಆಗಿ ಬೇರೆ ಮಹಡಿಯಲ್ಲಿದ್ದಳು. ಮೊದಲ ಸರದಿ ಅವಳ ಗಂಡನದು. ಕೈಯನ್ನು ಮೊಣಕೈವರೆಗೆ ಸೋಪಿನಲ್ಲಿ ತೊಳೆದು, ಉಂಗುರ ವಾಚು ಬಿಚ್ಚಿಟ್ಟು, ಅಂಗಿ ಗುಂಡಿ ತೆಗೆದು ಒರಗು ಕುರ್ಚಿಯಲ್ಲಿ ಕೂತ. ಸಿಸ್ಟರ್ ಬಂದು ಟೋಪಿ, ಕಾಲುಚೀಲ, ಡೈಪರ್ ಬಿಟ್ಟರೆ ಬರಿಮೈಯಲ್ಲಿದ್ದ ಕೂಸನ್ನು ಅವನ ಎದೆಯ ನಡುವೆ ನೆಟ್ಟಗೆ ಇಟ್ಟರು. ಕಾಲನ್ನು ಕಪ್ಪೆ ಕಾಲಿನಂತೆ ಮಡಚಿ, ಮುಖ ಒಂದು ಪಕ್ಕಕ್ಕೆ ತಿರುಗಿಸಿ, ಕತ್ತು ಮಡಚದಂತೆ ನೋಡಿಕೊಂಡು ಉದ್ದನೆ ಬಟ್ಟೆ ಸುತ್ತಿ ಕಟ್ಟಿದರು. ಮೂಗಿನ ಟ್ಯೂಬು ಹಾಗೇ ಇತ್ತು. ಅವನು ಮಿಸುಕಾಡದೆ ಮಾನಿಟರ್ ನೋಡುತ್ತಿದ್ದ. ಎದೆಬಡಿತ 170ರ ಆಸುಪಾಸಿನಲ್ಲಿದ್ದದ್ದು ನಿಧಾನಕ್ಕೆ 150ರ ಕೆಳಗೆ ಬಂತು. “ಸರ್, ಒಂದು ಗಂಟೆ ಆದ್ರೂ ಕೂತ್ಕೊಳ್ಳಿ, ಐದೈದು ನಿಮಿಷಕ್ಕೆ ಎತ್ತಿ ಇಳಿಸಿದ್ರೆ ಮಗು ಸುಸ್ತಾಗುತ್ತೆ” ಎಂದರು ಸಿಸ್ಟರ್. ಆಮೇಲೆ ತಂಗಿ, ಅತ್ತೆ, ನಮ್ಮಮ್ಮ ಸರದಿ ಹಾಕಿಕೊಂಡರು. ಸೋಂಕಿಲ್ಲದ, ಆರೋಗ್ಯವಂತ ಯಾರಾದರೂ ಮಾಡಬಹುದು. ಎಷ್ಟು ಹೆಚ್ಚು ಹೊತ್ತೋ ಅಷ್ಟು ಒಳ್ಳೆಯದು. ನಿಮ್ಮ ಆಸ್ಪತ್ರೆಯಲ್ಲಿ ಯಾರೂ ಹೇಳದಿದ್ದರೆ ನೀವೇ ಕೇಳಿ.

“ಹಾಲೇ ಬಂದಿಲ್ಲ, ಪೌಡರ್ ಕೊಡಿ”

ದಿನ ತುಂಬದ ಹೆರಿಗೆಯಲ್ಲಿ ಹಾಲು ಧಾರೆಯಾಗಿ ಬರಲು ಕೆಲವು ದಿನ ಹಿಡಿಯುತ್ತದೆ. ಮೊದಲ ದಿನ ಕೈಯಿಂದ ಒತ್ತಿ ಒತ್ತಿ ತೆಗೆದರೆ ಸಿರಿಂಜಿನಲ್ಲಿ ಒಂದು ಮಿಲಿಲೀಟರ್ ಹಳದಿ ಹಾಲು ಸಿಕ್ಕಿತು. ಅದನ್ನು ನೋಡಿ ತಂಗಿ ಅತ್ತಳು. ಆದರೆ ಆ ಕೂಸಿಗೆ ಆವತ್ತು ಟ್ಯೂಬಿನಲ್ಲಿ ಕೊಡಬೇಕಿದ್ದದ್ದೇ ಎರಡೆರಡು ಮಿಲಿಲೀಟರ್. ಆ ಹಳದಿ ಹಾಲಿನಲ್ಲಿ ಸೋಂಕು ತಡೆಯುವ ಅಂಶಗಳು ತುಂಬಿರುತ್ತವೆ. ಪೌಡರ್ ಹಾಲು ಕುಡಿದ ಸಣ್ಣ ಕೂಸುಗಳಲ್ಲಿ ಕರುಳು ಕೊಳೆಯುವ ಭಯಂಕರ ಕಾಯಿಲೆಯ ಸಾಧ್ಯತೆ ಹೆಚ್ಚು. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಬಿಡದೆ ಹಾಲು ತೆಗೆಯುತ್ತಿದ್ದರೆ ಹಾಲು ಹೆಚ್ಚುತ್ತದೆ. ಅಷ್ಟಾದರೂ ಸಾಲದಿದ್ದರೆ ದಾನದ ಎದೆಹಾಲಿದೆ. ವಾಣಿ ವಿಲಾಸದಲ್ಲಿ ಅಮೃತಧಾರೆ ಹೆಸರಿನ ಬ್ಯಾಂಕೇ ಇದೆ. ದಾನಿಗಳ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಪರೀಕ್ಷಿಸಿ ಕೊಡುತ್ತಾರೆ. ಚೀಪಲು ಬಾರದ ಮಗುವಿಗೆ ಬಾಟಲಿ ಬೇಡ. ನಮ್ಮಜ್ಜಿಯರ ಒಳಲೆಯೇ ಈಗ ಐಸಿಯುಗಳಲ್ಲೂ ಇದೆ, ಕುದಿಸಿ ಬಳಸಬೇಕು ಅಷ್ಟೆ.

ಜೇನುತುಪ್ಪ, ಸಕ್ಕರೆ ನೀರು, ತೇದ ಬಜೆ ಯಾವುದೂ ನಾಲಿಗೆಗೆ ತಾಗಬಾರದು. ಜೇನುತುಪ್ಪ ಒಂದು ವರ್ಷದವರೆಗೂ ವರ್ಜ್ಯ. ಬೆಂಗಳೂರಿನ ಬೀದಿಗಳಲ್ಲಿ ಈಗಲೂ ಕತ್ತೆ ಹೊಡೆದುಕೊಂಡು ಬಂದು ಸಣ್ಣ ಅಳತೆಯಲ್ಲಿ ಹಾಲು ಮಾರುತ್ತಾರೆ, ಹಿರಿಯರು ಪ್ರೀತಿಯಿಂದಲೇ ಕೊಳ್ಳುತ್ತಾರೆ. ಕಾಯಿಸದ ಆ ಹಾಲು ಇಂಥ ಕೂಸಿನ ಹೊಟ್ಟೆಗೆ ಸೋಂಕನ್ನೇ ಕೊಟ್ಟಂತೆ.

“ಕಾಮಾಲೆಗೆ ಎಳೆ ಬಿಸಿಲು ಸಾಕು”

ಸಾಲದು. ನೀಲಿ ಬೆಳಕಿನ ಚಿಕಿತ್ಸೆ ಹುಟ್ಟಿದ್ದೇನೋ ಬಿಸಿಲಿನಿಂದ: 1950ರ ದಶಕದಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ಜೀನ್ ವಾರ್ಡ್, ಬಿಸಿಲು ಬಿದ್ದ ಕಡೆ ಮಗುವಿನ ಹಳದಿ ಇಳಿದದ್ದನ್ನು ಗಮನಿಸಿದರು. ಆದರೆ ಕೆಲಸ ಮಾಡುವ ನೀಲಿ ಬೆಳಕು ಅಳತೆಯಲ್ಲಿ, ಮೈತುಂಬ, ಗಂಟೆಗಟ್ಟಲೆ ಬೇಕು. ಬಿಸಿಲಲ್ಲಿ ಬಟ್ಟೆ ಬಿಚ್ಚಿ ಹಿಡಿದರೆ ಸಣ್ಣ ಕೂಸು ತಣ್ಣಗಾಗುತ್ತದೆ ಅಥವಾ ಸುಡುತ್ತದೆ. ಮೊದಲ ದಿನವೇ ಹಳದಿ ಕಂಡರೆ, ಅಂಗಾಲಿನ ತನಕ ಇಳಿದರೆ, ಮಗು ಹಾಲು ಬಿಟ್ಟರೆ ಕೂಡಲೇ ರಕ್ತಪರೀಕ್ಷೆ. ಮಿತಿಮೀರಿದ ಕಾಮಾಲೆ ಮಿದುಳು ಮತ್ತು ಕಿವಿಯನ್ನು ಕೆಡಿಸುತ್ತದೆ.

“ಮನೆಗೆ ಬಂತಲ್ಲ, ಇನ್ನು ಎಣ್ಣೆ ನೀರು ಹಾಕೋಣ”

ಮಗು ಎರಡೂವರೆ ಕೆ.ಜಿ. ಆಗುವವರೆಗೆ ಒರೆಸಿದರೆ ಸಾಕು. ಸಾಂಬ್ರಾಣಿ ಹೊಗೆ ಈಗಷ್ಟೇ ಆಮ್ಲಜನಕದಿಂದ ಬಿಡಿಸಿಕೊಂಡ ಶ್ವಾಸಕೋಶಕ್ಕೆ ಆಗದು. ಕಣ್ಣಿಗೆ ಕಾಡಿಗೆ ಬೇಡ. ನೋಡಲು ಬಂದವರು ದೂರದಿಂದಲೇ ನೋಡಲಿ. ನೆಗಡಿಯಿದ್ದವರು ಬಾಗಿಲಾಚೆಯೇ ಇರಲಿ, ಬೇಸರ ಮಾಡಿಕೊಂಡರೂ ಚಿಂತೆಯಿಲ್ಲ.

“ಕಣ್ಣು ಪಿಳಿಪಿಳಿ ಬಿಡುತ್ತೆ, ಕಣ್ಣಿನ ಪರೀಕ್ಷೆ ಯಾಕೆ?”

ಡಿಸ್ಚಾರ್ಜ್ ಕಾಗದದಲ್ಲಿ ಆರ್‌ಒಪಿ ಎಂಬ ಮೂರಕ್ಷರ ಇರುತ್ತದೆ, ಬಹಳ ಜನ ಅದನ್ನು ಗಮನಿಸುವುದೇ ಇಲ್ಲ. ದಿನ ತುಂಬದ ಮಗುವಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಪಟಲವನ್ನೇ ಎಳೆದು ಕಿತ್ತುಬಿಡಬಹುದು. ಹೊರಗೆ ಕಣ್ಣು ಚೆಂದವಾಗಿಯೇ ಕಾಣುತ್ತಿರುತ್ತದೆ. ತಿಳಿಯುವ ಹೊತ್ತಿಗೆ ದೃಷ್ಟಿ ಹೋಗಿರುತ್ತದೆ. ಸಕಾಲಕ್ಕೆ ಕಂಡುಹಿಡಿದರೆ ಲೇಸರಿನಿಂದ ಉಳಿಸಬಹುದು. ಹುಟ್ಟುವಾಗ 2 ಕೆ.ಜಿ.ಗಿಂತ ಕಡಿಮೆ ತೂಕವಿದ್ದ ಅಥವಾ 34 ವಾರಕ್ಕೆ ಮುಂಚೆ ಹುಟ್ಟಿದ ಮಗುವಿಗೆ 30 ದಿನದೊಳಗೆ ಮೊದಲ ಪರೀಕ್ಷೆ ಆಗಲೇಬೇಕು. ಇನ್ನೂ ಸಣ್ಣ ಮಕ್ಕಳಿಗೆ ಎರಡು ಮೂರು ವಾರಕ್ಕೇ.

ಬಾಣಂತನಕ್ಕೆಂದು ಊರಿಗೆ ಹೋದವರು ಈ ತಾರೀಖು ತಪ್ಪಿಸಿಕೊಳ್ಳುವುದು ಹೆಚ್ಚು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಶುರುಮಾಡಿದ ಕಿಡ್‌ರಾಪ್ ಕಾರ್ಯಕ್ರಮದಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೆ ಹೋಗುತ್ತಾರೆ. ಅಲ್ಲಿ ತೆಗೆದ ಚಿತ್ರವನ್ನು ಇಲ್ಲಿನ ತಜ್ಞರು ನೋಡಿ ಹೇಳುತ್ತಾರೆ. ಹಾಗಾಗಿ ಊರಿಗೆ ಹೊರಡುವ ಮುಂಚೆ ಡಿಸ್ಚಾರ್ಜ್ ಮಾಡುವ ವೈದ್ಯರನ್ನೇ ಕೇಳಿ, ಅಲ್ಲಿ ಯಾವ ಆಸ್ಪತ್ರೆಯಲ್ಲಿ, ಯಾವ ದಿನ ಕಣ್ಣು ನೋಡುತ್ತಾರೆ ಎಂದು ಕಾಗದದ ಮೇಲೆ ಬರೆಸಿಕೊಂಡು ಹೊರಡಿ. ಒಂದು ಸಲ ನೋಡಿ “ಸರಿಯಿದೆ, ಎರಡು ವಾರ ಬಿಟ್ಟು ಬನ್ನಿ” ಎಂದರೆ ಎರಡು ವಾರಕ್ಕೇ ಹೋಗಬೇಕು. ರಕ್ತನಾಳಗಳ ಬೆಳವಣಿಗೆ ಪೂರ್ತಿಯಾಯಿತು, ಇನ್ನು ಬರುವುದು ಬೇಡ ಎಂದು ಕಣ್ಣಿನ ವೈದ್ಯರೇ ಹೇಳುವವರೆಗೂ.